‘ಹೆಚ್ಚು’ ಕಂಡರೆ ಕೂಡೋದಾ? ಹೇಳಿಕೆ ಲೆಕ್ಕಕ್ಕೆ ನಾಲ್ಕು ದಾರಿಗಳ ಹೋಲಿಕೆ

ಹಾಸನದಲ್ಲಿ ಸಂಜೆ ಪಾಠಕ್ಕೆ ಬರುವ 3ರಿಂದ 5ನೇ ತರಗತಿಯ ಮಕ್ಕಳಿಗೆ ಒಂದೇ ಬಗೆಯ ಲೆಕ್ಕಗಳನ್ನು ನಾಲ್ಕು ದಾರಿಯಲ್ಲಿ ಹೇಳಿಕೊಟ್ಟು ನೋಡಿದಾಗ ಕಂಡದ್ದು ಇಲ್ಲಿದೆ. ಮೊದಲು ಲೆಕ್ಕ:

“ಮಂಜನ ಹತ್ತಿರ 24 ಗೋಲಿಗಳಿವೆ. ಇವು ಚಂದ್ರುವಿನ ಹತ್ತಿರ ಇರುವುದಕ್ಕಿಂತ 8 ಹೆಚ್ಚು. ಚಂದ್ರುವಿನ ಹತ್ತಿರ ಎಷ್ಟಿವೆ?”

ಮಕ್ಕಳು ಸಾಮಾನ್ಯವಾಗಿ ಬರೆಯುವುದು 32. ಕೂಡಿದ್ದು ಸರಿ, ಕೂಡಬಾರದಿತ್ತು ಅಷ್ಟೇ. ಉತ್ತರ 16.

ಸುಳಿವಿನ ಪದ

“ಒಟ್ಟು ಕಂಡರೆ ಕೂಡು, ಉಳಿದದ್ದು ಅಂದರೆ ಕಳೆ, ತಲಾ ಅಂದರೆ ಭಾಗಿಸು.” ಮನೆಯಲ್ಲಿ ಹೆಚ್ಚಿನವರು ಹೇಳಿಕೊಡುವುದು ಇದನ್ನೇ. 2ನೇ ತರಗತಿಯ ಒಂದೇ ಹಂತದ ಲೆಕ್ಕಗಳಲ್ಲಿ ಇದು ಬೇಗ ಅಂಕ ತಂದುಕೊಡುತ್ತದೆ. ತೊಂದರೆ ಇರುವುದೂ ಅಲ್ಲೇ. ಒಮ್ಮೆ ಫಲ ಸಿಕ್ಕರೆ ಮಗು ಮತ್ತೆ ಪೂರ್ತಿ ಓದುವುದಿಲ್ಲ. “6 ಮಕ್ಕಳಿಗೆ ತಲಾ 4 ಲಾಡು ಕೊಡಲು ಎಷ್ಟು ಬೇಕು?” ಇಲ್ಲಿ ತಲಾ ಅಂದರೆ ಗುಣಾಕಾರ. “24 ಲಾಡು 6 ಮಕ್ಕಳಿಗೆ ಹಂಚಿದರೆ ತಲಾ ಎಷ್ಟು?” ಇಲ್ಲಿ ಅದೇ ಪದ, ಆದರೆ ಭಾಗಾಕಾರ.

ಇನ್ನೊಂದು ಸಂಗತಿಯನ್ನು ಗೈಡುಗಳು ಹೇಳುವುದೇ ಇಲ್ಲ. ಕನ್ನಡದಲ್ಲಿ ಲೆಕ್ಕದ ದಿಕ್ಕು ಕೂತಿರುವುದು ದೊಡ್ಡ ಪದಗಳಲ್ಲಲ್ಲ, ಬಾಲಕ್ಕೆ ಅಂಟಿದ ಪ್ರತ್ಯಯದಲ್ಲಿ. “ಗೀತಾಗೆ ಸೀತಾ 5 ಪೆನ್ಸಿಲ್ ಕೊಟ್ಟಳು” ಎಂದರೆ ಮೊದಲು ಬಂದ ಹೆಸರೇ ಕೊಟ್ಟವಳು ಎಂದುಕೊಂಡು ಮಗು ಗೀತಾಳ ಪೆನ್ಸಿಲ್‌ಗಳಿಂದ 5 ಕಳೆಯುತ್ತದೆ. ‘ಗೆ’ ಮೇಲೆ ಬೆರಳಿಟ್ಟು “ಯಾರ ಕೈಗೆ ಬಂತು?” ಎಂದು ಕೇಳಿದರೆ ಸಾಕು, ತಾನೇ ತಿದ್ದಿಕೊಳ್ಳುತ್ತದೆ.

ಬೀಜ, ಕಡ್ಡಿ

ಒಂದು, ಎರಡನೇ ತರಗತಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕಾಫಿ ಬೀಜ ಮನೆಯಲ್ಲೇ ಇರುತ್ತದೆ, ಆದರೆ ನುಣುಪಾಗಿ ಜಾರುತ್ತದೆ. ಹುಣಸೆ ಬೀಜ ಇಟ್ಟಲ್ಲೇ ಇರುತ್ತದೆ. ಗುಲಗಂಜಿ ಮಾತ್ರ ಬೇಡ, ಕಚ್ಚಿ ನುಂಗಿದರೆ ಅದು ವಿಷ. ಹಂಚುವ ಲೆಕ್ಕಕ್ಕೆ ಅಟ್ಟದ ಮೇಲಿರುವ ಅಳಗುಳಿಮಣೆ ಇಳಿಸಿಕೊಳ್ಳಿ, 14 ಗುಳಿ ತಯಾರಾಗಿಯೇ ಇವೆ. 30 ದಾಟಿದ ಮೇಲೆ ಬೀಜ ಎಣಿಸುವುದರಲ್ಲೇ ಮಗು ತಪ್ಪುತ್ತದೆ, ಲೆಕ್ಕ ಮರೆತುಹೋಗುತ್ತದೆ. ಆಗ ಹತ್ತು ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡಬೇಕು. 42ರಲ್ಲಿ 17 ಕಳೆಯುವಾಗ ಒಂದು ಕಟ್ಟು ಬಿಚ್ಚಿದರೆ ದಶಕದಿಂದ ಎರವಲು ತರುವುದೆಂದರೇನು ಎಂಬುದು ಕಣ್ಣಿಗೇ ಕಾಣುತ್ತದೆ.

ಅಂಕಿ ಮುಚ್ಚಿ ಕಥೆ ಹೇಳಿಸುವುದು

ಖರ್ಚಿಲ್ಲದ ದಾರಿ, ಆದರೆ ದೊಡ್ಡವರಿಗೆ ತಾಳ್ಮೆ ಬೇಕು. ಅಂಕಿಗಳ ಮೇಲೆ ಬೆರಳು ಅಥವಾ ಕಾಗದದ ಚೂರು ಇಡಿ. “ಏನಾಯ್ತು? ಏನು ಕೇಳ್ತಿದಾರೆ?” ಮಗು ತನ್ನ ಆಡುಮಾತಿನಲ್ಲೇ ಹೇಳಲಿ. “ಮಂಜನ ಹತ್ರ ಜಾಸ್ತಿ ಐತೆ, ಚಂದ್ರು ಹತ್ರ ಕಮ್ಮಿ” ಎಂದರೆ ಮುಕ್ಕಾಲು ಲೆಕ್ಕ ಮುಗಿದಂತೆ. ‘ದಾಸ್ತಾನು’, ‘ವೆಚ್ಚ’ ಇಂಥ ಪುಸ್ತಕದ ಮಾತುಗಳಲ್ಲಿ ಮಗು ಸಿಕ್ಕಿಕೊಂಡಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ. ಅಂಕಿ ದೊಡ್ಡದಾಗಿ ಹೆದರಿದರೆ 2,375 ಇರುವಲ್ಲಿ 10, 850 ಇರುವಲ್ಲಿ 4 ಹಾಕಿ ಮಾಡಿಸಿ, ಆಮೇಲೆ ಮೂಲ ಅಂಕಿಗೆ ಬನ್ನಿ.

ಮಗು ಓದಿ ಮಾಡುತ್ತಿದೆಯೋ ಸುಮ್ಮನೆ ಅಂಕಿ ಕೂಡುತ್ತಿದೆಯೋ ಎಂದು ತಿಳಿಯಲು ಒಂದು ಹಳೆಯ ಕೀಟಲೆ ಪ್ರಶ್ನೆ ಇದೆ: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ ವಯಸ್ಸೆಷ್ಟು? ಫ್ರಾನ್ಸಿನಲ್ಲೂ ಬಹಳಷ್ಟು ಮಕ್ಕಳು 36 ಎಂದಿದ್ದರಂತೆ. ನಮ್ಮ ಮಕ್ಕಳೂ ಹಾಗೇ.

ಪಟ್ಟಿ ಚಿತ್ರ

ಲೆಕ್ಕದಲ್ಲಿ ಬರುವ ಪ್ರತಿ ಮೊತ್ತಕ್ಕೂ ಒಂದೊಂದು ಉದ್ದನೆಯ ಆಯತ, ಅಂದರೆ ಪಟ್ಟಿ, ಬರೆದು ಹೋಲಿಸುವುದು. ಸಿಂಗಾಪುರದ ಪ್ರಾಥಮಿಕ ಶಾಲೆಗಳು 1980ರ ದಶಕದಿಂದ ಬಳಸುತ್ತಿರುವ ಕ್ರಮ ಇದು. 3ನೇ ತರಗತಿಯ ನಂತರ ಇದರ ಮುಂದೆ ಉಳಿದ ದಾರಿಗಳು ನಿಲ್ಲುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಚೌಕುಳಿ ಪುಸ್ತಕದಲ್ಲಿ ಎಡಕ್ಕೆ ಒಂದು ನೇರ ಗೆರೆ ಹಾಕಿ, ಎರಡೂ ಪಟ್ಟಿ ಆ ಗೆರೆಯಿಂದಲೇ ಹೊರಡಬೇಕು. ಅಂಕಿ ಬರೆಯುವ ಮೊದಲು ಕೇಳಿ, “ಯಾರ ಪಟ್ಟಿ ಉದ್ದ?” ‘ಹೆಚ್ಚು’ ಎಂದಿದ್ದರೆ ‘ಗಿಂತ’ ಅಂಟಿದವರದ್ದು ಗಿಡ್ಡ ಪಟ್ಟಿ, ‘ಕಡಿಮೆ’ ಎಂದಿದ್ದರೆ ಅವರದ್ದೇ ಉದ್ದ. ನಮ್ಮ ಲೆಕ್ಕದಲ್ಲಿ ‘ಗಿಂತ’ ಇರುವುದು ಚಂದ್ರುವಿನ ಕಡೆ, ಹಾಗಾಗಿ ಅವನದ್ದು ಗಿಡ್ಡ. ಮಂಜನ ಪೂರ್ತಿ ಪಟ್ಟಿಗೆ 24, ಚಾಚಿಕೊಂಡ ತುದಿಗೆ 8, ಚಂದ್ರುವಿನದಕ್ಕೆ ಪ್ರಶ್ನಾರ್ಥಕ ಚಿಹ್ನೆ. ಕಳೆಯಬೇಕೆಂದು ಯಾರೂ ಹೇಳಬೇಕಾಗಿಲ್ಲ.

5ನೇ ತರಗತಿಗೆ: ತೋಟದಲ್ಲಿ ಅರೇಬಿಕಾ, ರೋಬಸ್ಟಾ ಸೇರಿ 84 ಚೀಲ. ರೋಬಸ್ಟಾ ಅರೇಬಿಕಾದ 3 ಪಟ್ಟು. ಸುಳಿವಿನ ಪದ ಹಿಡಿದವರು 84ನ್ನು 3ರಿಂದ ಗುಣಿಸಿ 252 ಎನ್ನುತ್ತಾರೆ. ಪಟ್ಟಿ ಬರೆದರೆ ಅರೇಬಿಕಾಗೆ ಒಂದು ಮನೆ, ರೋಬಸ್ಟಾಗೆ ಅಷ್ಟೇ ಅಳತೆಯ ಮೂರು ಮನೆ. ನಾಲ್ಕು ಮನೆಗೆ 84, ಒಂದಕ್ಕೆ 21, ಮೂರಕ್ಕೆ 63.

ಇಲ್ಲಿ ಆಗುವ ತಪ್ಪುಗಳು ಬೇರೆ. 24 ಎಂದ ಕೂಡಲೇ ಕೆಲವರು 24 ಚೌಕ ಬರೆಯಲು ಕೂರುತ್ತಾರೆ. ಪಟ್ಟಿ ಅಳತೆಗೆ ಸರಿಯಾಗಿ ಇರಬೇಕಿಲ್ಲ, ಉದ್ದ ಯಾವುದು ಗಿಡ್ಡ ಯಾವುದು ಎಂಬುದು ತಿಳಿದರೆ ಆಯಿತು. ‘3 ಪಟ್ಟು’ ಎಂದರೆ ಒಂದರ ಮೇಲೆ ಇನ್ನೂ ಮೂರು ಎಂದುಕೊಂಡು ರೋಬಸ್ಟಾಗೆ ನಾಲ್ಕು ಮನೆ ಹಾಕುವವರಿದ್ದಾರೆ. ಆಗ ಒಟ್ಟು ಐದು ಮನೆಯಾಗಿ, 84 ಐದರಿಂದ ಭಾಗವಾಗದೆ ಅಲ್ಲೇ ನಿಂತುಬಿಡುತ್ತಾರೆ. ಕೈ ಪಳಗಲು ಒಂದೆರಡು ವಾರ ಬೇಕು, ಅಷ್ಟು ದಿನ ವೇಗ ಕಮ್ಮಿಯೇ.

ಶೇಷ ಉಳಿಯುವ ಭಾಗಾಕಾರಕ್ಕೆ ಮಾತ್ರ ಪಟ್ಟಿಯೂ ಸಾಲದು, ಕಥೆಗೇ ಮರಳಬೇಕು. ಬೇಲೂರು, ಹಳೇಬೀಡು ಪ್ರವಾಸಕ್ಕೆ 130 ಮಕ್ಕಳು, ಒಂದು ಬಸ್ಸಿಗೆ 45 ಸೀಟು. “2 ಬಸ್, ಶೇಷ 40” ಎಂದು ಬರೆದ ಮಗುವಿಗೆ ತಪ್ಪು ಹಾಕುವ ಬದಲು, ಆ 40 ಜನ ಎಲ್ಲಿ ನಿಂತಿದ್ದಾರೆ ಎಂದು ಕೇಳಿ.