ವಿಕ್ಷನರಿಯ 'ಸಟೈವಸ್' ಪುಟ: ಬಾಟನಿ ಮಕ್ಕಳಿಗೆ ನಾನು ಹೇಳುವ ಮೊದಲ ಜಾಗ

ಭತ್ತ ಒರೈಜಾ ಸಟೈವಾ. ಸೌತೆಕಾಯಿ ಕ್ಯುಕ್ಯುಮಿಸ್ ಸಟೈವಸ್. ಬೆಳ್ಳುಳ್ಳಿ ಏಲಿಯಂ ಸಟೈವಮ್. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇಟ್ಟ ಲ್ಯಾಟಿನ್ ವೈಜ್ಞಾನಿಕ ಹೆಸರುಗಳು ಇವು. ಒಂದೇ ಪದಕ್ಕೆ ಮೂರು ಬಾಲ ಯಾಕೆ ಮೇಡಂ ಅಂತ ನನ್ನ ಕ್ಲಾಸಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಸುಮ್ನೆ ಉರು ಹೊಡೀರಿ ಅನ್ನೋದು ಉತ್ತರ ಅಲ್ಲ, ಅಲ್ವಾ? ಇಂಗ್ಲಿಷ್ ವಿಕ್ಷನರಿ ಅನ್ನೋ ಆನ್‌ಲೈನ್ ನಿಘಂಟಿನಲ್ಲಿ 'ಸಟೈವಸ್' ಪುಟ ತೆಗೆದು ತೋರಿಸುತ್ತೇನೆ.

ಪುಟದ ಮೇಲ್ಭಾಗದಲ್ಲಿ ಪದದ ಮೂಲ ಇದೆ. 'ಸೆರೊ' ಅಂದರೆ ಬಿತ್ತುತ್ತೇನೆ, 'ಸತುಸ್' ಅಂದರೆ ಬಿತ್ತಿದ್ದು. ಅದಕ್ಕೆ 'ಈವುಸ್' ಪ್ರತ್ಯಯ ಸೇರಿದರೆ ಬಿತ್ತಿ ಬೆಳೆಯುವಂಥದ್ದು, ತಾನಾಗಿ ಕಾಡಿನಲ್ಲಿ ಹುಟ್ಟಿದ್ದಲ್ಲ. ಗದ್ದೆ, ಹಿತ್ತಲಿನ ಬೆಳೆಗಳಿಗೇ ಈ ಹೆಸರು ಯಾಕೆ ಅಂತ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ನನಗೆ ತುಂಬಾ ಇಷ್ಟ ಕೆಳಗಿನ ಕೋಷ್ಟಕ. 6 ವಿಭಕ್ತಿ, 2 ವಚನ, 3 ಲಿಂಗ, ಒಟ್ಟು 36 ರೂಪ. ನಮ್ಮಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, 'ಒಳ್ಳೆಯ' ಅಲುಗುವುದಿಲ್ಲ. ಲ್ಯಾಟಿನ್‌ನಲ್ಲಿ ಗುಣವಾಚಕ ನಾಮಪದದ ಲಿಂಗಕ್ಕೆ ಹೊಂದಿಕೊಳ್ಳಲೇಬೇಕು. ಒರೈಜಾ ಸ್ತ್ರೀಲಿಂಗ, ಕ್ಯುಕ್ಯುಮಿಸ್ ಪುಲ್ಲಿಂಗ, ಏಲಿಯಂ ನಪುಂಸಕ. ಬಹುವಚನದ ಚತುರ್ಥಿಗೆ ಬಂದರೆ ಮೂರಕ್ಕೂ ಒಂದೇ ರೂಪ, 'ಸತೀವೀಸ್' (ಇದು ಲ್ಯಾಟಿನ್ ಉಚ್ಚಾರಣೆ, 'ಸಟೈವಸ್' ಇಂಗ್ಲಿಷಿನದು). ಇಷ್ಟನ್ನೆಲ್ಲ 1879ರ ಲೂಯಿಸ್ ಮತ್ತು ಶಾರ್ಟ್ ಲ್ಯಾಟಿನ್ ನಿಘಂಟು ಪದದ ಪಕ್ಕ ಬರೀ 'ಅ, ಉಮ್' (ಸ್ತ್ರೀಲಿಂಗ, ನಪುಂಸಕದ ಬಾಲಗಳು) ಅಂತ ಬರೆದು ಮುಗಿಸುತ್ತದೆ. ಹೊಸಬರಿಗೆ ಅದು ಸಾಲದು.

ಒಂದು ಎಚ್ಚರಿಕೆ. ಕೋಷ್ಟಕ ಗುಣವಾಚಕದ್ದು ಮಾತ್ರ, ಗಿಡದ ಹೆಸರಿನ ಲಿಂಗ ಅಲ್ಲಿ ಸಿಗದು. ಅರಳಿ ಮರ ಫೈಕಸ್ ರಿಲಿಜಿಯೋಸಾ. ಫೈಕಸ್ 'ಅಸ್' ಅಂತ ಮುಗಿದರೂ ಸ್ತ್ರೀಲಿಂಗ, ಲ್ಯಾಟಿನ್‌ನಲ್ಲಿ ಮರಗಳ ಹೆಸರು ಜಾಸ್ತಿ ಹಾಗೇ. ಆದ್ದರಿಂದ ನಾಮಪದದ ಪುಟವನ್ನೂ ತೆರೆದು ನೋಡಿ. 'ಸೆರೊ' ಪುಟದಲ್ಲೂ ಹುಷಾರು: ಅಲ್ಲಿ ಜೋಡಿಸು ಅನ್ನುವ ಅರ್ಥದ ಇನ್ನೊಂದು ಕ್ರಿಯಾಪದವೂ ಇದೆ. ನಮಗೆ ಬೇಕಾದ್ದು ಬಿತ್ತನೆಯದು.

ವಿವರಣೆ ಎಲ್ಲ ಇಂಗ್ಲಿಷ್‌ನಲ್ಲಿದೆ. ಕನ್ನಡ ಮಾಧ್ಯಮದಿಂದ ಬಂದವರ ಪಕ್ಕ ಕೂತು ಮೊದಲ ಸಲ ಕೋಷ್ಟಕ ಓದಿಸಬೇಕು. ಆಮೇಲೆ ಅವರೇ ಕೊತ್ತಂಬರಿ, ಬಟಾಣಿ, ಮೂಲಂಗಿ ಹುಡುಕಿಕೊಳ್ಳುತ್ತಾರೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಕೂಡ ಬೇಡ.