ಟಿಟಿ ಡ್ಯಾಶ್‌ಬೋರ್ಡಿನ ಥಂಡಿಗಾಳಿ: ಚಿಕ್ಕಮಗಳೂರಲ್ಲಿ ನಿಲ್ಲಿಸಿಕೊಟ್ಟವರು

ಮೊದಲೇ ಹೇಳ್ತೀನಿ, ಈ ಅಂಗಡಿಗೆ ಬೋರ್ಡಿಲ್ಲ. ಕೆ.ಎಂ. ರಸ್ತೆಯಲ್ಲಿ ಕಡೂರಿನ ಕಡೆ ಹೋಗ್ತಾ, ಹಳೇ ಬಸ್ ಸೀಟುಗಳನ್ನ ಒಂದರ ಮೇಲೊಂದು ಪೇರಿಸಿಟ್ಟಿರೋ ತಗಡಿನ ಶೆಡ್ಡು. ಸೀಟಿಗೆ ಕುಶನ್ ಹಾಕೋದು, ಬಾಗಿಲಿಗೆ ಬೀಡಿಂಗ್ (ಸಂದಿ ಮುಚ್ಚೋ ರಬ್ಬರ್ ಪಟ್ಟಿ) ಕೂರಿಸೋದು ಅವರ ಕಸುಬು. ನಾನು ಹೋಗಿದ್ದು ನಮ್ಮ ಗಾಡಿಯ ಡ್ಯಾಶ್‌ಬೋರ್ಡಿಂದ ನುಗ್ಗೋ ಗಾಳಿ ನಿಲ್ಲಿಸಿ ಅಂತ ಕೇಳೋಕೆ.

ನಮ್ಮದು 2011ರ ಟೆಂಪೋ ಟ್ರಾವೆಲರ್, ಅಂದ್ರೆ ಟಿಟಿ. ಮದುವೆ ದಿಬ್ಬಣ, ಧರ್ಮಸ್ಥಳ ಟ್ರಿಪ್ಪು ಅಂತ ಹತ್ತು ವರ್ಷ ದುಡಿದು ಸುಸ್ತಾಗಿದ್ದ ಗಾಡಿ. ನಮ್ಮೆಜಮಾನರು ಅದನ್ನ ಕೊಂಡು, ಹಿಂದಿನ ಸೀಟೆಲ್ಲ ಕೀಳಿಸಿ, ಎರಡು ಮಂಚ, ಒಂದು ಗ್ಯಾಸ್ ಒಲೆ, ಮೇಲ್ಗಡೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿಸಿ ಮನೆಗಾಡಿ ಮಾಡಿದರು. ಆರ್‌ಟಿಒ ಕಾಗದದ ಕತೆ ಇಲ್ಲಿ ಬೇಡ, ಅದನ್ನ ನೆನೆಸಿಕೊಂಡರೆ ಈಗಲೂ ತಲೆನೋವು ಬರುತ್ತೆ.

ತೊಂದರೆ ಗೊತ್ತಾಗಿದ್ದು ಹೊರನಾಡಿಗೆ ಹೊರಟ ದಿನ. ಡಿಸೆಂಬರು, ಬೆಳಗಿನ ಜಾವ ಐದು ಗಂಟೆ. ಆಲ್ದೂರು ದಾಟೋ ಹೊತ್ತಿಗೆ ಮುಂದಿನ ಸೀಟಲ್ಲಿದ್ದ ಅತ್ತೆ ಕಂಬಳಿ ಕೇಳಿದರು. ಬಾಳೆಹೊನ್ನೂರಲ್ಲಿ ಇನ್ನೊಂದು ಕೇಳಿದರು. "ಕಿಟಕಿ ಹಾಕೇ ಇದೆಯಲ್ಲ ಅತ್ತೆ" ಅಂದೆ. "ಕಿಟಕಿಯಿಂದಲ್ಲ ಕಣೆ, ಈ ಪೆಟ್ಟಿಗೆ ಒಳಗಿಂದ ಬರ್ತಿದೆ. ಮಂಡಿಗೆ ಒದ್ದೆ ಬಟ್ಟೆ ಸುತ್ತಿದಂಗಿದೆ" ಅಂದರು. ಕೈಯಿಟ್ಟು ನೋಡಿದೆ. ಗ್ಲೋವ್ ಬಾಕ್ಸಿನ ಸಂದಿಯಿಂದ ಸಣ್ಣಗೆ, ಬಿಡದೆ, ಬರ್ತಾನೇ ಇತ್ತು. ಗಾಡಿ ನಿಂತರೆ ಗಾಳಿಯೂ ನಿಲ್ಲೋದು, ವೇಗ ಐವತ್ತು ದಾಟಿದರೆ ಮತ್ತೆ ಶುರು. ಇಂಜಿನ್ ಓಡಿಸ್ಕೊಂಡೇ ನಿಲ್ಲಿಸಿದರೆ ಗಾಳಿ ಬದಲು ಡೀಸೆಲ್ ಹೊಗೆಯ ನಾತ.

ಮೊದಲು ಬೇರೊಂದು ಕಡೆ ತೋರಿಸಿದ್ವಿ. ಅವರು ಗಾಡಿ ಹತ್ತೋಕೂ ಮುಂಚೆಯೇ "ಮುಂದಿನ ಗಾಜಿನ ರಬ್ಬರು ಹೋಗಿದೆ" ಅಂತ ತೀರ್ಪು ಕೊಟ್ಟು, ಅದನ್ನ ಬದಲಿಸಿದರು. ಗಾಜಿನ ಬುಡದ ಜಾಲರಿಯೊಳಕ್ಕೆ ಉಬ್ಬೋ ಫೋಮನ್ನೂ ಹೊಡೆದರು. 4,200 ರೂಪಾಯಿ ಆಯ್ತು, ಗಾಳಿ ಮಾತ್ರ ಹಾಗೇ ಇತ್ತು. ಜೂನಲ್ಲಿ ಕೊಟ್ಟಿಗೆಹಾರದ ಮಳೆಗೆ ಸಿಕ್ಕಿಕೊಂಡಾಗ ಇನ್ನೊಂದು ಗೊತ್ತಾಯ್ತು. ಆ ಜಾಲರಿಯ ಕೆಳಗೆ ಮಳೆನೀರು ಇಳಿದುಹೋಗೋಕೆ ತೂತುಗಳಿರ್ತವೆ, ಫೋಮು ಅವನ್ನೂ ಮುಚ್ಚಿಬಿಟ್ಟಿತ್ತು. ನೀರು ಅಲ್ಲೇ ತುಂಬಿ, ಒಳಕ್ಕೆ ನುಗ್ಗಿ, ನೇರ ಅತ್ತೆಯ ಪಾದಕ್ಕೆ ಅಭಿಷೇಕ. ಅವತ್ತಿಂದ ಅವರು ಹಿಂದಿನ ಮಂಚ ಬಿಟ್ಟು ಮುಂದಕ್ಕೆ ಬರಲಿಲ್ಲ.

ಈ ಮೇಸ್ತ್ರಿ ಹತ್ರ ಕಳಿಸಿದ್ದು ನಮ್ಮ ಸ್ಕೂಲ್ ವ್ಯಾನಿನ ಡ್ರೈವರು. ಮೇಸ್ತ್ರಿ ಅರವತ್ತು ದಾಟಿದ ಮನುಷ್ಯ. ಗಾಡಿ ಹತ್ತಿದವರು ಡ್ಯಾಶ್‌ಬೋರ್ಡ್ ಕಡೆ ನೋಡಲೇ ಇಲ್ಲ, ನೇರ ಹಿಂದಕ್ಕೆ ಹೋದರು. "ಗಾಳಿ ಒಳಕ್ಕೆ ಬರ್ತಿದೆ ಅಂದ್ರೆ ಎಲ್ಲಿಂದಲೋ ಹೊರಕ್ಕೂ ಹೋಗ್ತಿರ್ಬೇಕಲ್ಲ ಮೇಡಂ. ಮೊದ್ಲು ಅದು ನೋಡೋಣ." ನೋಡಿದರೆ ಒಲೆ ಮೇಲಿನ ಫ್ಯಾನಿನ ಮುಚ್ಚಳ ಪೂರ್ತಿ ಕೂರ್ತಾನೇ ಇರಲಿಲ್ಲ, ಬೆರಳು ತೂರುವಷ್ಟು ಬೆಳಕು ಕಾಣೋದು. ಗಾಡಿ ಓಡುವಾಗ ಎದುರುಗಾಳಿ ಗಾಜಿನ ಬುಡದಲ್ಲಿ ಒತ್ತುತ್ತೆ, ಮೇಲಿನ ಈ ಸಂದಿ ಒಳಗಿನ ಗಾಳಿಯನ್ನ ಎಳೀತಾ ಇರುತ್ತೆ. ನಾವೇ ದುಡ್ಡು ಕೊಟ್ಟು ಹಾಕಿಸಿದ ಫ್ಯಾನು!

ಆಮೇಲಿನದು ನೋಡೋ ಹಾಗಿತ್ತು. ಕಿಟಕಿ, ಬಾಗಿಲು ಎಲ್ಲ ಭದ್ರ ಮಾಡಿ, ಅದೇ ಫ್ಯಾನ್ ಚಾಲೂ ಮಾಡಿದರು. ಒಳಗಿನ ಗಾಳಿಯನ್ನ ಫ್ಯಾನು ಹೊರಕ್ಕೆ ತಳ್ಳಿದರೆ, ಆ ಜಾಗ ತುಂಬೋಕೆ ಹೊರಗಿನ ಗಾಳಿ ಇರೋ ಬರೋ ತೂತಲ್ಲೆಲ್ಲ ನುಗ್ಗಬೇಕಲ್ಲ. ಜೇಬಿಂದ ಊದುಬತ್ತಿ ತೆಗೆದು ಹಚ್ಚಿದರು. ಗಾಜಿನ ಅಂಚಿನುದ್ದಕ್ಕೂ ಹಿಡಿದು ಹೋದರು, ಹೊಗೆ ನೆಟ್ಟಗೆ ಮೇಲಕ್ಕೆ. ಕ್ಲಚ್ ಪೆಡಲಿನ ಹತ್ರ ಸ್ವಲ್ಪ ತೂಗಾಡಿತು. ಸ್ಟೇರಿಂಗ್ ರಾಡಿನ ಬುಡದಲ್ಲಿ ಇನ್ನೊಂಚೂರು ವಾಲಿತು. ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದೆ ಹಿಡಿದರು ನೋಡಿ, ಹೊಗೆ ಅಡ್ಡಡ್ಡ ಮಲಗಿಬಿಟ್ಟಿತು, ಕಡ್ಡಿಯ ಕೆಂಡ ಕೆಂಪಗೆ ಉರಿಯೋಕೆ ಶುರು.

ಅಲ್ಲಿ, ಇಂಜಿನ್‌ಗೂ ನಾವು ಕೂರೋ ಜಾಗಕ್ಕೂ ನಡುವಿನ ತಗಡಲ್ಲಿ, ಎರಡು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಎರಡು ತೂತು. ಹಿಂದಿನ ಓನರು ಎಸಿ ಬಿಚ್ಚಿಕೊಂಡು, ಪೈಪ್ ಹಾದಿದ್ದ ತೂತಿಗೆ ಹಳೇ ಬನಿಯನ್ ತುರುಕಿದ್ದ. ಬನಿಯನ್ನು ಇಲಿಗೆ ಹಾಸಿಗೆಯಾಗಿ ಹೋಗಿತ್ತು, ಉಳಿದದ್ದು ಒಂದು ತೋಳು.

ಕೆಲಸ ಮಾಡಿದ ರೀತಿಯಲ್ಲಿ ತಪ್ಪು ಹುಡುಕೋಕೆ ನನಗೆ ಆಗಲಿಲ್ಲ. ಆ ಎರಡು ತೂತಿಗೆ ಇಂಜಿನ್ ಕಡೆಯಿಂದ ತಗಡಿನ ಬಿಲ್ಲೆ ಕೂರಿಸಿ ಸ್ಕ್ರೂ ಹೊಡೆದರು, ಅಂಚಿಗೆ ಸೀಲೆಂಟ್. ನಮ್ಮೆಜಮಾನರು ಮನೆಯಿಂದ ತಂದಿದ್ದ ಸಿಲಿಕೋನ್ ಟ್ಯೂಬನ್ನ ಮೂಸಿ ವಾಪಸ್ ಕೊಟ್ಟರು. ವಿನೆಗರ್ ಥರ ಹುಳಿ ವಾಸನೆ ಬರೋದು ತಗಡಿಗೆ ತುಕ್ಕು ಹಿಡಿಸುತ್ತಂತೆ. ವೈರಿಂಗ್ ಹಾದುಹೋಗೋ ಕಡೆ ಸೀಳಿದ್ದ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸೋ ರಬ್ಬರ್ ಬಳೆ) ತೆಗೆದು ಹೊಸದು. ಪೆಡಲಿನ ರಾಡು ಆಡಬೇಕಾದ್ದರಿಂದ ಅಲ್ಲಿ ಏನೂ ಮೆತ್ತದೆ ರಬ್ಬರ್ ಬೂಟ್, ಅಂದ್ರೆ ರಾಡಿನ ಜೊತೆಗೇ ಬಾಗೋ ರಬ್ಬರ್ ಕವಚ, ಹಾಕಿದರು. ಫ್ಯಾನಿನ ಮುಚ್ಚಳಕ್ಕೆ ಬೀಡಿಂಗ್. ಹಳೇ ಫೋಮನ್ನ ಸ್ಕ್ರೂಡ್ರೈವರಿಂದ ಕೆದಕಿ ಕೆದಕಿ, ನೀರಿಳಿಯೋ ತೂತು ತೆರೆಯೋಕೇ ಒಂದು ಗಂಟೆ ಹೋಯ್ತು. ಒಂದು ಚೊಂಬು ನೀರು ಹೊಯ್ದು, ಚಕ್ರದ ಹತ್ರ ಇಳಿಯೋದನ್ನ ಬಗ್ಗಿ ನೋಡಿ ಅಂತ ನನಗೇ ತೋರಿಸಿದರು.

ಒಲೆ ಕಟ್ಟೆ ಕೆಳಗೆ ನೆಲದಲ್ಲೊಂದು ಜಾಲರಿಯಿದೆ. ಅದನ್ನೂ ಮುಚ್ಚಿಬಿಡಿ ಅಂದೆ. ಮೇಸ್ತ್ರಿ ಮುಖ ಗಂಟಾಯ್ತು. "ಗ್ಯಾಸು ಗಾಳಿಗಿಂತ ಭಾರ, ಸೋರಿದ್ರೆ ಕೆಳಗೇ ಇಳಿಯೋದು. ಅದು ಹೋಗೋ ದಾರಿ ಮುಚ್ಚು ಅಂತೀರಲ್ಲ, ಮಕ್ಕಳಿಗೆ ಪಾಠ ಹೇಳೋರು?" ನಾನು ಹೇಳೋದು ಸಮಾಜ ಪಾಠ, ಆದರೂ ಬಾಯಿ ಮುಚ್ಚಿಕೊಂಡೆ.

ಒಟ್ಟು 2,600 ರೂಪಾಯಿ, ಸಾಮಾನು ಸೇರಿ. ಬಿಲ್ ಕೊಡಲ್ಲ. ಫೋನ್ ಎತ್ತಲ್ಲ. ಕೂರೋಕೆ ಜಾಗ ಅಂದ್ರೆ ಆ ಬಸ್ ಸೀಟಿನ ರಾಶಿಯೇ. ಗ್ಲೋವ್ ಬಾಕ್ಸಿನ ಒಂದು ಕ್ಲಿಪ್ ಮುರಿದಿದ್ದನ್ನ ಅವರಾಗಿ ಹೇಳಲಿಲ್ಲ, ಕೇಳಿದ ಮೇಲೆ ಒಪ್ಪಿಕೊಂಡು ಐವತ್ತು ರೂಪಾಯಿ ಬಿಟ್ಟರು. ಅಂಟಿನ ವಾಸನೆ ಮೂರು ದಿನ ಇತ್ತು. ಬೆಳಿಗ್ಗೆ ಬೇಗ ಹೋಗಿ, ಇಂಜಿನ್ ಬಿಸಿ ಇದ್ದರೆ ತಣ್ಣಗಾಗೋವರೆಗೂ ಮುಟ್ಟಲ್ಲ.

ಕಳೆದ ವಾರ ಚಾರ್ಮಾಡಿ ಇಳಿದು ಬಂದ್ವಿ, ಮಂಜು ಹಾಗೇ ಕವಿದಿತ್ತು. ಅತ್ತೆ ಮುಂದಿನ ಸೀಟಿಗೆ ವಾಪಸ್ ಬಂದಿದ್ದಾರೆ, ಒಂದೇ ಶಾಲು. ಡೀಸೆಲ್ ವಾಸನೆ ಪೂರ್ತಿ ಹೋಗಿದೆ. ಸ್ಟೇರಿಂಗ್ ರಾಡಿನ ಹತ್ರ ಮಾತ್ರ ಇನ್ನೂ ಚೂರು ಗಾಳಿ ಇದೆ, ನಮ್ಮೆಜಮಾನರ ಬಲಗಾಲಿಗೆ ತಾಗುತ್ತಂತೆ. ಅತ್ತೆ "ಅವನಿಗೆ ಸಾಕ್ಸ್ ಹಾಕ್ಕೊಳ್ಳೋಕೆ ಹೇಳು" ಅಂದರು.