ಕೋಳಿ ನೀರಿಗೆ ‘ಗ್ರೋತ್ ಲಿಕ್ವಿಡ್’ ಹಾಕುವ ಮುಂಚೆ ಇದನ್ನು ಓದಿ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬ್ರಾಯ್ಲರ್ ಶೆಡ್ ಇಟ್ಟುಕೊಂಡಿರುವವರಿಗೆ ಒಂದು ಮಾತು. ನಿಮ್ಮ ಬೋರ್ ನೀರು ಹೇಗಿದೆ ಎಂದು ಕೇಳದೆ, ‘ಒಂದೇ ಬಾಟಲಿ, ನೀರೂ ಶುದ್ಧ, ತೂಕವೂ ಜಾಸ್ತಿ’ ಎಂದು ಮಾರಲು ಬರುವವರನ್ನು ನಂಬಬೇಡಿ. ನಮ್ಮ ಬೇಸಿಗೆ ಬ್ಯಾಚ್ ಹಾಳಾಗಿದ್ದು ಇದರಿಂದಲೇ.

ಬಾಟಲಿ ಮೇಲೆ ಒಳಗೇನಿದೆ ಎಂದು ಬರೆದಿರಲಿಲ್ಲ. ಕೇಳಿದ್ದಕ್ಕೆ ‘ಕಂಪನಿ ಫಾರ್ಮುಲಾ’ ಎಂದರು. ದಿನಾ ಟ್ಯಾಂಕಿಗೆ ಹಾಕಿ, ಲಸಿಕೆ ದಿನವೂ ನಿಲ್ಲಿಸಬೇಡಿ ಎಂದರು. ಅವರದೇ ಫೀಡನ್ನೂ ಇಳಿಸಿಹೋದರು.

ಮರಿಗಳು ನಿಪ್ಪಲ್‌ಗೆ (ಪೈಪಿನಲ್ಲಿ ಕೋಳಿ ನೀರು ಕುಡಿಯುವ ಮೊಳೆಯಂಥ ನಳಕ್ಕೆ) ಕೊಕ್ಕು ತಾಗಿಸಿ ಹಿಂದೆ ಸರಿಯತೊಡಗಿದವು. ಆ ಲಿಕ್ವಿಡ್ ಹಾಕಿದ ನೀರಿನ ಕ್ಲೋರಿನ್ ವಾಸನೆ ನಮ್ಮ ಮೂಗಿಗೇ ಹೊಡೆಯುತ್ತಿತ್ತು. ಕೋಳಿ ನೀರು ಬಿಟ್ಟರೆ ಫೀಡನ್ನೂ ಬಿಡುತ್ತದೆ. ತಂಪಿನ ದಿನದಲ್ಲೇ ಒಂದು ಕೆಜಿ ಫೀಡಿಗೆ ಹೆಚ್ಚುಕಡಿಮೆ ಎರಡು ಲೀಟರ್ ನೀರು ಕುಡಿಯುತ್ತದೆ, ನಮ್ಮ 40 ಡಿಗ್ರಿ ಬಿಸಿಲಲ್ಲಿ ಇನ್ನೂ ಜಾಸ್ತಿ. 40 ಗ್ರಾಂ ಮರಿ ಮೊದಲ ವಾರದ ಕೊನೆಗೆ 160 ಗ್ರಾಂ ಆದರೂ ತೂಗಬೇಕು. ನಮ್ಮಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ಆ ವಾರ ಹೋದರೆ ಆಮೇಲೆ ಎಷ್ಟು ಫೀಡ್ ಸುರಿದರೂ ಪೂರ್ತಿ ತೂಕ ಕೈಗೆ ಸಿಗುವುದು ಕಷ್ಟ.

ನನಗೆ ಜಾಸ್ತಿ ಸಿಟ್ಟಿರುವುದು ಲಸಿಕೆ ವಿಷಯಕ್ಕೆ. ಕೊಕ್ಕರೆ ರೋಗ ತಡೆಯಲು ನೀರಲ್ಲಿ ಕೊಡುವ ಲಾಸೋಟಾ ಲಸಿಕೆಯಲ್ಲಿ ಇರುವುದು ಜೀವಂತ ವೈರಸ್. ಕ್ಲೋರಿನ್ ನೀರಲ್ಲಿ ಅದು ಸಾಯುತ್ತದೆ. ಹಿಂದಿನ ದಿನದಿಂದ ಮರುದಿನದವರೆಗೆ ಕ್ಲೋರಿನ್ ನಿಲ್ಲಿಸಬೇಕು, ಲಸಿಕೆ ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸಬೇಕು. ನಮ್ಮ ಬ್ಯಾಚಿಗೆ ಕೊಕ್ಕರೆ ರೋಗ ಬಂತು. ಲಸಿಕೆ ದಿನವೂ ಹಾಕಿ ಎಂದವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳಿದರೋ, ಎರಡನ್ನೂ ಕ್ಷಮಿಸಲಾಗದು.

ಆಮೇಲೆ ನೀರು ಪರೀಕ್ಷೆ ಮಾಡಿಸಿದೆವು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 8 ದಾಟಿತ್ತು, ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು, ಖನಿಜಗಳ ಅಳತೆ) ಲೀಟರಿಗೆ 2000 ಮಿಲಿಗ್ರಾಂಗಿಂತ ಮೇಲಿತ್ತು. ಪಿಎಚ್ 8 ದಾಟಿದರೆ ಕ್ಲೋರಿನ್‌ನ ಶಕ್ತಿ ಬಹಳ ಕುಗ್ಗುತ್ತದೆ. ಆಗ ಡೋಸ್ ಏರಿಸುತ್ತಾ ಹೋದರೆ ಕೋಳಿ ನೀರನ್ನೇ ಬಿಡುತ್ತದೆ, ಅಲ್ವಾ? ಮೊದಲು ಪಿಎಚ್ ಇಳಿಸಬೇಕಿತ್ತು. ನೀರಲ್ಲೇ ಉಪ್ಪಿದ್ದರೆ ಫೀಡಿನ ಉಪ್ಪು ಕಡಿಮೆ ಮಾಡಬೇಕು. ಇವರ ಫೀಡಲ್ಲಿ ಮಾಮೂಲಿ ಉಪ್ಪೇ ಇತ್ತು. ಹಿಕ್ಕೆ ನೀರಾಯಿತು, ನೆಲದ ಭತ್ತದ ಹೊಟ್ಟು ಒದ್ದೆಯಾಯಿತು, ಅಮೋನಿಯಾಕ್ಕೆ ಶೆಡ್ಡಲ್ಲಿ ಕಣ್ಣು ಬಿಡಲು ಆಗುತ್ತಿರಲಿಲ್ಲ. ಫೀಡ್ ಚೀಲದ ತಳದಲ್ಲಿ ಮೆಕ್ಕೆಜೋಳಕ್ಕೆ ಬೂಷ್ಟು ಬೇರೆ. ಬೂಷ್ಟಿನ ವಿಷ ಲಿವರ್ ಕೆಡಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಅಂಥ ಚೀಲ ವಾಪಸ್ ಕಳಿಸಿ.

ಪಿಎಚ್ ಇಳಿಸಲು ಆ್ಯಸಿಡ್ ತಂದರೆ, ದಯವಿಟ್ಟು ಅದನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಕಲಸಬೇಡಿ. ವಿಷದ ಗಾಳಿ ಏಳುತ್ತದೆ, ಕಲಸುವವರ ಜೀವಕ್ಕೇ ಅಪಾಯ. ಎಷ್ಟು ಹಾಕಬೇಕೆಂದು ಪಶುವೈದ್ಯರನ್ನು ಕೇಳಿ. ಕ್ಲೋರಿನನ್ನು ಟ್ಯಾಂಕಲ್ಲಿ ಅಲ್ಲ, ಕೊನೆಯ ನಿಪ್ಪಲ್ ನೀರಲ್ಲಿ ಅಳೆಯಿರಿ.

ಆ ಮಾರಾಟದವರು ಈಗ ಬೇರೆ ಸ್ಟಿಕ್ಕರ್ ಅಂಟಿಸಿಕೊಂಡು ಕುಷ್ಟಗಿ ಕಡೆ ಓಡಾಡುತ್ತಿದ್ದಾರೆ ಎಂದು ಕೇಳಿದೆ. ನಿಮ್ಮಲ್ಲಿಗೆ ಬಂದರೆ, ನೀರಿನ ರಿಪೋರ್ಟ್ ಮುಂದಿಟ್ಟು, ಬಾಟಲಿಯಲ್ಲಿ ಏನಿದೆ ಎಂದು ಬಿಲ್ ಮೇಲೆ ಬರೆದು ಸಹಿ ಹಾಕಲು ಹೇಳಿ.